ಹಿಂದಕ್ಕೆ ಬಾಗಿದ ರೆಕ್ಕೆಯ ‘ಬಾಣ’

ಮಕ್ಕಳೇ, ಜೆಟ್ ವಿಮಾನದ ಚಿತ್ರ ಬರೆಯುವಾಗ ನೀವು ರೆಕ್ಕೆಗಳನ್ನು ಹಿಂದಕ್ಕೆ ಓರೆಯಾಗಿ ಬರೆಯುತ್ತೀರಿ, ಅಲ್ಲವೇ? ಹಿಂದಿನ ಹೆಚ್ಚಿನ ವಿಮಾನಗಳ ರೆಕ್ಕೆಗಳು ನೇರವಾಗಿ ಪಕ್ಕಕ್ಕೆ ಚಾಚಿದ್ದವು. ಅವು ಓರೆಯಾದದ್ದು ಏಕೆ?

ಶಬ್ದದ ವೇಗದ ಸಮೀಪದಲ್ಲಿ

ನೆಲಮಟ್ಟದ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1225 ಕಿ.ಮೀ. ಹಾರುವ ವಿಮಾನದ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯು ವಿಮಾನದ ವೇಗಕ್ಕಿಂತಲೂ ಹೆಚ್ಚು ವೇಗವಾಗಿ ಹರಿಯುತ್ತದೆ. ಆದ್ದರಿಂದ ವಿಮಾನವು ಶಬ್ದದ ವೇಗವನ್ನು ಮುಟ್ಟುವ ಮೊದಲೇ ಅಲ್ಲಿನ ಗಾಳಿ ಅದನ್ನು ದಾಟಿಬಿಡುತ್ತದೆ. ಆಗ ರೆಕ್ಕೆಯ ಮೇಲೆ ಆಘಾತ ತರಂಗ ಉಂಟಾಗುತ್ತದೆ. ಗಾಳಿಯ ತಡೆ ಬಹಳ ಹೆಚ್ಚುತ್ತದೆ. ವಿಮಾನದ ಮೂಗು ತಾನಾಗಿಯೇ ಕೆಳಕ್ಕೆ ಬಾಗಬಹುದು.

ಇದರ ಅಪಾಯ ಮೊದಲು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸೋವಿಯತ್ ಒಕ್ಕೂಟದ ಗ್ರಿಗೊರಿ ಬಖ್ಚಿವಾಂಜಿ ಎಂಬ ಪೈಲಟ್ 1942ರಲ್ಲಿ ‘ಬಿಐ’ ಎಂಬ ರಾಕೆಟ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅದರ ರೆಕ್ಕೆಗಳು ನೇರವಾಗಿದ್ದವು. 1943ರ ಮಾರ್ಚ್ 27ರಂದು ಅತಿ ವೇಗದ ಪರೀಕ್ಷೆಯಲ್ಲಿ ವಿಮಾನ ಮೂಗು ತಗ್ಗಿಸಿ ನೆಲಕ್ಕಪ್ಪಳಿಸಿತು. ಅವರು ಪ್ರಾಣ ಕಳೆದುಕೊಂಡರು. ಮುಂದೆ ಗಾಳಿ ಸುರಂಗದಲ್ಲಿ ನಡೆದ ಪ್ರಯೋಗಗಳು ಅದರ ಕಾರಣವನ್ನು ತೋರಿಸಿಕೊಟ್ಟವು.

ಲಾ-160 ಬಂತು

ರೆಕ್ಕೆಯನ್ನು ಓರೆ ಮಾಡಿದರೆ ಈ ತೊಂದರೆಯನ್ನು ಮುಂದೂಡಬಹುದೆಂದು ಜರ್ಮನಿಯ ಅಡಾಲ್ಫ್ ಬುಸೆಮನ್ 1935ರಲ್ಲೇ ಹೇಳಿದ್ದರು. ಸೋವಿಯತ್ ವಿನ್ಯಾಸಕಾರ ಸೆಮ್ಯೋನ್ ಲಾವೊಚ್ಕಿನ್ ಅವರ ತಂಡ ಅದನ್ನು ಲಾ-160 ಎಂಬ ಜೆಟ್ ಯುದ್ಧವಿಮಾನದಲ್ಲಿ ಪರೀಕ್ಷಿಸಿತು. ಅದರ ರೆಕ್ಕೆಗಳು 35 ಡಿಗ್ರಿ ಹಿಂದಕ್ಕೆ ಬಾಗಿದ್ದವು. ಅದಕ್ಕೆ ‘ಸ್ತ್ರೆಲ್ಕಾ’, ಅಂದರೆ ಬಾಣ, ಎಂಬ ಹೆಸರು ಬಂತು. 1947ರ ಜೂನ್‌ನಲ್ಲಿ ಅದು ಹಾರಿತು. ಪರೀಕ್ಷೆಗಳಲ್ಲಿ ಗಂಟೆಗೆ 1000 ಕಿ.ಮೀ. ಮೀರಿದ ವೇಗ ಪಡೆಯಿತು.

ಓರೆ ರೆಕ್ಕೆಯಲ್ಲೂ ಒಂದು ತೊಡಕಿದೆ. ಗಾಳಿ ರೆಕ್ಕೆಯ ತುದಿಯ ಕಡೆಗೆ ಜಾರುತ್ತದೆ. ಅದನ್ನು ತಡೆಯಲು ರೆಕ್ಕೆಯ ಮೇಲೆ ಪುಟ್ಟ ಬೇಲಿಯಂತಹ ತಗಡುಗಳನ್ನು ನಿಲ್ಲಿಸಿದ್ದರು.

ನೀವೇ ಮಾಡಿ ನೋಡಿ

10 ಸೆಂ.ಮೀ. ಉದ್ದದ ‘ಅಆ’ ರೇಖೆ ಎಳೆಯಿರಿ. ‘ಅ’ ಬಿಂದುವಿನಲ್ಲಿ ಕೋನಮಾಪಕದಿಂದ 35 ಡಿಗ್ರಿ ಕೋನ ಗುರುತಿಸಿ ಇನ್ನೊಂದು ರೇಖೆ ಎಳೆಯಿರಿ. ‘ಆ’ ಬಿಂದುವಿನಿಂದ ಆ ರೇಖೆಗೆ ಲಂಬ ಎಳೆಯಿರಿ. ಅದು ಸೇರುವ ಬಿಂದು ‘ಇ’. ಈಗ ‘ಅಇ’ ಅಳೆಯಿರಿ. ಸುಮಾರು 8.2 ಸೆಂ.ಮೀ. ಬರುತ್ತದೆ.

‘ಅಆ’ ವಿಮಾನದ ವೇಗವಾದರೆ, ‘ಅಇ’ ರೆಕ್ಕೆಯ ಅಂಚಿಗೆ ಲಂಬವಾಗಿ ಬರುವ ಗಾಳಿಯ ವೇಗ. ಅಂದರೆ 1000 ಕಿ.ಮೀ. ವೇಗದಲ್ಲಿ ಹಾರಿದರೂ ರೆಕ್ಕೆಗೆ ಅದು ಸುಮಾರು 820 ಕಿ.ಮೀ.ನಂತೆ! ಆಘಾತ ತರಂಗ ತಡವಾಗಿ ಹುಟ್ಟುತ್ತದೆ.

ತಯಾರಾಗಲಿಲ್ಲ, ಆದರೂ...

ಲಾ-160 ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಲೇ ಇಲ್ಲ. ಜರ್ಮನ್ ಎಂಜಿನ್ನಿನ ಮಾದರಿಯಲ್ಲಿ ಮಾಡಿದ್ದ ಅದರ ಎಂಜಿನ್‌ಗೆ ಶಕ್ತಿ ಸಾಲದಾಗಿತ್ತು. ಅಷ್ಟರಲ್ಲಿ ಬ್ರಿಟನ್ನಿನಿಂದ ಹೆಚ್ಚು ಬಲದ ಎಂಜಿನ್‌ಗಳು ಬಂದವು. 1947ರ ಡಿಸೆಂಬರ್ 30ರಂದು ಹಾರಿದ ಮಿಗ್-15 ವಿಮಾನಕ್ಕೆ ಆ ಎಂಜಿನ್ ಇತ್ತು, 35 ಡಿಗ್ರಿ ಓರೆ ರೆಕ್ಕೆಯೂ ಇತ್ತು. ಅದು ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು.

ಓರೆ ರೆಕ್ಕೆಯನ್ನು ನಂಬಬಹುದೆಂದು ಆ ದೇಶದಲ್ಲಿ ಮೊದಲು ಹಾರಿ ತೋರಿಸಿದ ಜೆಟ್ ಮಾತ್ರ ಲಾ-160. ಮುಂದಿನ ಸಲ ಆಕಾಶದಲ್ಲಿ ಜೆಟ್ ಕಂಡಾಗ ಅದರ ರೆಕ್ಕೆಗಳನ್ನು ಗಮನಿಸಿ.