ಮದ್ರಾಸ್ ಅಂತರರಾಷ್ಟ್ರೀಯ ಸರ್ಕ್ಯೂಟ್

ಮದ್ರಾಸ್ ಅಂತರರಾಷ್ಟ್ರೀಯ ಸರ್ಕ್ಯೂಟ್ ತಮಿಳುನಾಡಿನ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ, ಚೆನ್ನೈ–ಬೆಂಗಳೂರು ಹೆದ್ದಾರಿಯ ಬಳಿ ಇರುವ ಮೋಟಾರು ರೇಸ್ ಪಥ. ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎಂಬುದು ಇದರ ಹಳೆಯ ಹೆಸರು. 1990ರಲ್ಲಿ ಆರಂಭವಾದ ಈ ಪಥವು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಒಡೆತನದಲ್ಲಿದೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ತಾಲ್ಲೂಕುಗಳ ಮೂಲಕ ಸಾಗುವಂತೆ ಯೋಜಿಸಲಾದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ಶ್ರೀಪೆರಂಬುದೂರಿನ ಬಳಿಯೇ ಕೊನೆಗೊಳ್ಳುತ್ತದೆ.

ಇತಿಹಾಸ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಭಾರತದ ರೇಸ್‌ಗಳು ಹೆಚ್ಚಾಗಿ ಹಳೆಯ ವಿಮಾನ ಪಟ್ಟಿಗಳ ಮೇಲೆ ನಡೆಯುತ್ತಿದ್ದವು. 1953ರಲ್ಲಿ ಸ್ಥಾಪನೆಯಾದ ಕ್ಲಬ್, ಚೆನ್ನೈಯ ಉತ್ತರಕ್ಕಿರುವ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯನ್ನು ಬಳಸಿಕೊಂಡಿತು. ಅಲ್ಲಿನ ಸ್ಪರ್ಧೆಗಳು ಅಪಾರ ಪ್ರೇಕ್ಷಕರನ್ನು ಸೆಳೆದವು. ಆದರೆ ವಿಮಾನಗಳಿಗಾಗಿ ಹಾಕಿದ ನೆಲದಲ್ಲಿ ರೇಸಿಗೆ ಬೇಕಾದ ತಿರುವುಗಳೂ ಶಾಶ್ವತ ಸುರಕ್ಷತಾ ವ್ಯವಸ್ಥೆಯೂ ಇರಲಿಲ್ಲ. ಆದ್ದರಿಂದ ಕ್ಲಬ್ ಸ್ವಂತ ಜಮೀನು ಖರೀದಿಸಿ, ರೇಸಿಗೆಂದೇ ಪಥವನ್ನು ನಿರ್ಮಿಸಿತು.

ಸ್ವರೂಪ

ಪೂರ್ಣ ಪಥದ ಉದ್ದ ಸುಮಾರು 3.7 ಕಿ.ಮೀ.; ತಿರುವುಗಳು 12. ಸಣ್ಣ ಸ್ಪರ್ಧೆಗಳಿಗೆ ಕಿರು ಪಥವನ್ನೂ ಬಳಸಬಹುದು. ನೆಲ ಬಹುತೇಕ ಸಮತಟ್ಟಾಗಿರುವುದರಿಂದ ಏರಿಳಿತಕ್ಕಿಂತ ತಿರುವುಗಳ ವೇಗವೇ ಇದರ ಲಕ್ಷಣ. ಮುಖ್ಯ ನೇರದಾರಿಯ ಕೊನೆಯ ಸಿ1 ತಿರುವನ್ನು ಹೆಚ್ಚಿನ ವೇಗದಲ್ಲೇ ಹಾದುಹೋಗಬೇಕಾಗುತ್ತದೆ. ಅಲ್ಲಿ ಸಣ್ಣ ತಪ್ಪಾದರೂ ವಾಹನ ಪಥದಿಂದ ಹೊರಗೆ ಹೋಗುವ ಸಾಧ್ಯತೆಯಿದೆ.

ಸ್ಪರ್ಧೆಗಳು

ರಾಷ್ಟ್ರೀಯ ಕಾರು ಹಾಗೂ ಮೋಟಾರ್‌ಸೈಕಲ್ ಚಾಂಪಿಯನ್‌ಷಿಪ್‌ಗಳ ಸುತ್ತುಗಳು ಇಲ್ಲಿ ನಡೆಯುತ್ತವೆ. ಫಾರ್ಮುಲಾ ಒನ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ತಮ್ಮ ಮೊದಲ ರೇಸನ್ನು ಈ ಪಥದಲ್ಲಿಯೇ ಓಡಿಸಿದರು. ಫಾರ್ಮುಲಾ ಒನ್ ಸ್ಪರ್ಧೆ ಮಾತ್ರ ಇಲ್ಲಿಗೆ ಬರಲಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ನಡೆದು ನಿಂತುಹೋಯಿತು. ದುಬಾರಿ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ನೆಚ್ಚಿಕೊಳ್ಳದೆ, ಹೊಸ ಚಾಲಕರ ತರಬೇತಿ ಮತ್ತು ದೇಶೀಯ ಸ್ಪರ್ಧೆಗಳ ನೆಲೆಯಾಗಿ ಈ ಪಥವು ಮೂರು ದಶಕಗಳಿಗೂ ಹೆಚ್ಚು ಕಾಲ ಬಾಳಿಕೊಂಡು ಬಂದಿದೆ. ಬೆಂಗಳೂರಿನ ಚಾಲಕರೂ ಸವಾರರೂ ಇಲ್ಲಿ ಸ್ಪರ್ಧಿಸುತ್ತಾ ಬಂದಿದ್ದಾರೆ.

ಸುರಕ್ಷತೆ

2023ರ ಜನವರಿಯಲ್ಲಿ ಹಿರಿಯ ಕಾರು ಚಾಲಕ ಕೆ. ಇ. ಕುಮಾರ್ ಇಲ್ಲಿ ನಡೆದ ಅಪಘಾತದಲ್ಲಿ ಮೃತಪಟ್ಟರು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಮೋಟಾರ್‌ಸೈಕಲ್ ಸವಾರನೊಬ್ಬ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡನು. ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸುವ ವಯಸ್ಸಾಗದವರೂ ಮುಚ್ಚಿದ ಪಥದಲ್ಲಿ ಸ್ಪರ್ಧಿಸುವುದುಂಟು. ಹೀಗಾಗಿ ಎಳೆಯ ಸವಾರರ ಸುರಕ್ಷತೆಯ ಪ್ರಶ್ನೆ ಈ ಪಥದ ಇತಿಹಾಸದೊಂದಿಗೂ ಸೇರಿಕೊಂಡಿದೆ.