ತುಂಬಿದರೂ ತಾಳಿಕೊಳ್ಳುವ ಚೀಲ

ಮೂತ್ರಪಿಂಡಗಳಿಗೆ ಹಗಲಿರುಳು ಬಿಡುವಿಲ್ಲ. ನಿಮಿಷಕ್ಕೆ ಹೆಚ್ಚುಕಡಿಮೆ 1 ಮಿ.ಲೀ. ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಲೀಟರಿನಷ್ಟು ಮೂತ್ರ ಅಲ್ಲಿಂದ ಇಳಿಯುತ್ತಲೇ ಇರುತ್ತದೆ. ಆದರೂ ನಾವು ಗಂಟೆಗಟ್ಟಲೆ ನೆಮ್ಮದಿಯಾಗಿ ಪಾಠ ಕೇಳುತ್ತೇವೆ, ನಿದ್ದೆ ಮಾಡುತ್ತೇವೆ. ಈ ನೆಮ್ಮದಿ ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶದ ಕೊಡುಗೆ. ಹೊರಹಾಕುವುದಕ್ಕಿಂತ ಹಿಡಿದಿಡುವುದರಲ್ಲೇ ಅದರ ಹೆಚ್ಚಿನ ಹೊತ್ತು ಕಳೆಯುತ್ತದೆ.

ಖಾಲಿ ಮೂತ್ರಕೋಶದ ಒಳಗೋಡೆ ಸೀರೆಯ ನೆರಿಗೆಯಂತೆ ಮಡಿಚಿಕೊಂಡಿರುತ್ತದೆ. ಮೂತ್ರ ತುಂಬಿದಂತೆಲ್ಲ ಆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಮೇಲ್ಪದರದ ಜೀವಕೋಶಗಳಂತೂ ಹೆಚ್ಚುವರಿ ಪೊರೆಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಒಳಗೇ ಕೂಡಿಟ್ಟಿರುತ್ತವೆ. ಹಿಗ್ಗಬೇಕಾದಾಗ ಅದನ್ನು ಮೇಲ್ಮೈಗೆ ಸೇರಿಸುತ್ತವೆ, ಖಾಲಿಯಾದಾಗ ಒಳಗೆಳೆದುಕೊಳ್ಳುತ್ತವೆ. ಗೋಡೆಯಲ್ಲಿರುವ ಡೆಟ್ರುಸರ್ ಸ್ನಾಯು ಸಡಿಲವಾಗಿಯೇ ಇರುವುದರಿಂದ ಮೂತ್ರ ಹೆಚ್ಚಿದರೂ ಒತ್ತಡ ಅಷ್ಟಾಗಿ ಏರುವುದಿಲ್ಲ. ಮೂತ್ರಪಿಂಡದಿಂದ ಬರುವ ನಾಳಗಳು ಗೋಡೆಯನ್ನು ಓರೆಯಾಗಿ ತೂರಿ ಒಳಬರುತ್ತವೆ. ಕೋಶ ತುಂಬಿದಾಗ ಅವುಗಳ ತುದಿ ಅದುಮಿಕೊಂಡು, ಮೂತ್ರ ಹಿಂದಕ್ಕೆ ಹರಿಯುವುದು ತಪ್ಪುತ್ತದೆ.

ಸುಮಾರು 150ರಿಂದ 200 ಮಿ.ಲೀ. ಸೇರುವಾಗ ಮೊದಲ ಸೂಚನೆ ಬರುತ್ತದೆ. 400–500 ಮಿ.ಲೀ. ಆದಾಗ ಕೂರಲಾಗದಷ್ಟು ಅವಸರ. ಗೋಡೆಯ ಹಿಗ್ಗುವಿಕೆಯ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳುಕಾಂಡ ತಲಪುತ್ತದೆ. ಮೂತ್ರವಿಸರ್ಜನೆಯನ್ನು ನಡೆಸುವ ಕೇಂದ್ರ ಅಲ್ಲಿದೆಯೆಂದು ಬ್ರಿಟನ್ನಿನ ಸಂಶೋಧಕ ಬ್ಯಾರಿಂಗ್ಟನ್ ಅವರು ಬೆಕ್ಕುಗಳ ಅಧ್ಯಯನದಿಂದ 1925ರಲ್ಲಿ ತೋರಿಸಿದರು. ಆ ಕೇಂದ್ರಕ್ಕೂ ಮುಂಮಿದುಳಿನ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕಾಗ ಮೊದಲು ನಮ್ಮ ಅಂಕೆಯಲ್ಲಿರುವ ಹೊರಗಿನ ಬಿಗಿಸ್ನಾಯು ಸಡಿಲಗೊಳ್ಳುತ್ತದೆ, ಬಳಿಕ ಡೆಟ್ರುಸರ್ ಹಿಂಡುತ್ತದೆ. ಹಸುಗೂಸಿಗೆ ಈ ಅಂಕೆ ಇನ್ನೂ ಬಂದಿರುವುದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಈ ಅಂಕೆ ತಪ್ಪಿಹೋಗಬಹುದು.

ಹೊರಹೋಗುವ ದಾರಿ ಗಂಡಸರಲ್ಲಿ ಸುಮಾರು 20 ಸೆಂ.ಮೀ. ಉದ್ದ. ಅದರ ಆರಂಭವನ್ನು ಪ್ರಾಸ್ಟೇಟ್ ಗ್ರಂಥಿ ಸುತ್ತುವರಿದಿದೆ. ವಯಸ್ಸಾದಂತೆ ಗ್ರಂಥಿ ಊದಿಕೊಂಡರೆ ಮೂತ್ರದ ಧಾರೆ ಸಣ್ಣಗಾಗುವುದು ಇದರಿಂದಲೇ. ಹೆಂಗಸರಲ್ಲಿ ಈ ದಾರಿ ಬರೀ 4 ಸೆಂ.ಮೀ. ಹಾಗಾಗಿ ಬ್ಯಾಕ್ಟೀರಿಯಾ ಮೂತ್ರಕೋಶದವರೆಗೆ ಏರುವುದು ಸುಲಭ. ಅವನ್ನು ಆಗಾಗ ತೊಳೆದು ಹೊರಹಾಕುವುದು ಮೂತ್ರದ ಹರಿವೇ.

ಆದ್ದರಿಂದಲೇ ಶಾಲೆಯ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ನೀರು ಕುಡಿಯದೆ ಕೂರುವ ಹುಡುಗಿಯರ ಬಗ್ಗೆ ನಾವು ಯೋಚಿಸಲೇಬೇಕು. ತಾಳಿಕೊಳ್ಳುವ ಶಕ್ತಿ ಮೂತ್ರಕೋಶಕ್ಕಿದೆ, ನಿಜ. ಆ ಶಕ್ತಿಯನ್ನು ದಿನವೂ ಕೊನೆಯ ಮಿತಿಯವರೆಗೆ ಎಳೆಯುವುದು ತರವಲ್ಲ. ನಲ್ಲಿಯಲ್ಲಿ ನೀರು, ಬಾಗಿಲಿಗೆ ಚಿಲಕ ಇರುವ ಶೌಚಾಲಯವನ್ನು ಪ್ರತಿ ಶಾಲೆಗೂ ಒದಗಿಸುವುದು ಮಕ್ಕಳಿಗೆ ಲಸಿಕೆ ಹಾಕಿಸುವಷ್ಟೇ ಮುಖ್ಯವಾದ ಆರೋಗ್ಯದ ಕೆಲಸ.