ಮಳೆಯನ್ನು ಕರೆಯುವುದೂ ತಡೆಯುವುದೂ

ನಮ್ಮ ಹಿರಿಯರು ಈತಿಬಾಧೆಗಳನ್ನು ಎಣಿಸುವಾಗ ಅತಿವೃಷ್ಟಿ ಅನಾವೃಷ್ಟಿಗಳನ್ನೇ ಮೊದಲು ಹೇಳಿದರು. ಬಯಲುಸೀಮೆಯ ಒಕ್ಕಲಿಗನು ಮಳೆ ಬಾರದೆ ಬಳಲಿದರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಕೆತೋಟದವನು ಮಳೆ ಬಿಡದೆ ಬಳಲುವನು. ಆದುದರಿಂದಲೇ ಶೃಂಗೇರಿಗೆ ಸುಮಾರು 10 ಕಿಲೋಮೀಟರು ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಮುಂದೆ ಜನರು ಮಳೆ ಬರಲೆಂದೂ ಬೇಡುವರು, ಮಳೆ ನಿಲ್ಲಲೆಂದೂ ಬೇಡುವರು. ವಿಭಾಂಡಕಮುನಿಯ ಮಗನಾದ ಋಷ್ಯಶೃಂಗನು ಕಾಲಿಟ್ಟೊಡನೆ ರೋಮಪಾದರಾಜನ ಅಂಗದೇಶದಲ್ಲಿ ಮಳೆಗರೆಯಿತೆಂಬ ರಾಮಾಯಣದ ಕಥೆಯನ್ನು ವಾಚಕರು ಬಲ್ಲರು.

ಮಳೆಯನ್ನು ಕರೆಯುವ ಕಾರ್ಯಕ್ಕೆ ವಿಜ್ಞಾನಿಗಳೂ ಕೈಯಿಟ್ಟಿದ್ದಾರೆ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಎಂಬವರು ವಿಮಾನವೇರಿ, ಘನೀಭವಿಸಿದ ಅಂಗಾರಾಮ್ಲವಾಯುವಿನ ಚೂರುಗಳನ್ನು ಮೋಡದಲ್ಲಿ ಚೆಲ್ಲಿ ಹಿಮಕಣಗಳನ್ನುಂಟುಮಾಡಿದರು. ಬರ್ನಾರ್ಡ್ ವೊನೆಗಟ್ ಎಂಬವರು ಅದೇ ಕೆಲಸಕ್ಕೆ ಸಿಲ್ವರ್ ಅಯೊಡೈಡ್ ಒದಗುವುದೆಂದು ಕಂಡುಕೊಂಡರು. ನಮ್ಮ ಕರ್ನಾಟಕ ಸರಕಾರವೂ 2003ರಲ್ಲಿ ‘ವರುಣ’ವೆಂಬ, 2017ರಲ್ಲಿ ‘ವರ್ಷಧಾರೆ’ಯೆಂಬ ಮೋಡಬಿತ್ತನೆಯ ಯೋಜನೆಗಳನ್ನು ಕೈಗೊಂಡಿತು. ಆದರೆ ಬಿತ್ತುವುದಕ್ಕೆ ಮೊದಲು ಹೊಲ ಬೇಕಷ್ಟೆ. ಮೋಡವಿಲ್ಲದ ಬಾನಿನಲ್ಲಿ ಬಿತ್ತಿದರೆ ಫಲವೇನು? ಬಿದ್ದ ಮಳೆಯಲ್ಲಿಯೂ ತಾನಾಗಿ ಬಂದದ್ದೆಷ್ಟು, ಬಿತ್ತನೆಯಿಂದ ಬಂದದ್ದೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ.

ಇನ್ನು ಮುಂಗಾರನ್ನು ತಡೆದು ನಿಲ್ಲಿಸುವ ಯಂತ್ರವಂತೂ ಲೋಕದಲ್ಲೆಲ್ಲಿಯೂ ಇಲ್ಲ. ನಮ್ಮ ತೋಟಗಳಿಗೆ ಬೇಕಾದುದಾದರೋ ಅದೇ! ಎಡೆಬಿಡದ ಮಳೆಯಲ್ಲಿ ಕೊಳೆರೋಗವು ನೀರಹನಿಗಳೊಡನೆ ಗೊನೆಯಿಂದ ಗೊನೆಗೆ ಹರಡಿ, ಎಳೆಗಾಯಿಗಳು ಕೊಳೆತು ಉದುರುವುವು. ಮನೆಯ ವರ್ಷದ ಅನ್ನ, ಮಕ್ಕಳ ಓದು, ಸಾಲದ ಕಂತು, ಎಲ್ಲವೂ ಆ ಗೊನೆಗಳಲ್ಲಿಯೇ ತೂಗುತ್ತಿರುವುದಲ್ಲವೆ?

ಆಕಾಶವನ್ನು ಆಳಲಾರದ ನಮ್ಮ ಹಿರಿಯರು ಗೊನೆಗೊಂದು ಸೂರನ್ನು ಕಟ್ಟಿದರು. ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಯೇ ಆ ಸೂರು. ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ವಿವರವಾಗಿ ಪರಿಶೋಧಿಸಿ 1910ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 100 ಲೀಟರು ನೀರಿಗೆ ಒಂದೊಂದು ಕಿಲೋಗ್ರಾಮಿನಂತೆ ಇವೆರಡನ್ನೂ ಕೂಡಿಸಿ, ಮುಂಗಾರಿಗೆ ಮುನ್ನವೂ, ಮತ್ತೆ ಸುಮಾರು 40-45 ದಿನಗಳಿಗೂ ಸಿಂಪಡಿಸುವುದು ರೂಢಿ. ಆದರೆ ಆ ಎರಡನೆಯ ಸಲಕ್ಕೆ ಒಂದು ಹೊಳವು ದೊರೆಯಬೇಕು!

ಆ ಹೊಳವಿಗಾಗಿ ಕಿಗ್ಗದಲ್ಲಿ ಕೈಮುಗಿಯುವವನನ್ನು ನಾವು ನಗಲಾರೆವು. ಕೈಮುಗಿದು ಬಂದು, ಮೈಲುತುತ್ತವನ್ನು ತೂಗಿಟ್ಟು, ಸುಣ್ಣವನ್ನು ನೆನೆಸಿ, ಬಾನನ್ನು ನೋಡುತ್ತ ಸಿದ್ಧನಾಗಿ ಕುಳಿತವನಿಗೆ ಬಂದ ಹೊಳವು ವ್ಯರ್ಥವಾಗದು. ಬೇಡುವುದು ದೇವರಲ್ಲಿ, ಸಿದ್ಧವಾಗಿರುವುದು ನಮ್ಮಲ್ಲಿ.